ಹನ್ನೆರಡು ಚದರದ ಮನೆಗೆ ಎಷ್ಟು ದುಡ್ಡು, ಯಾವಾಗ? ಸಾಲ, ಉಳಿತಾಯ, ಒಳಗಿನ ಸಾಮಾನಿನ ಲೆಕ್ಕ

ಮನೆ ಕಟ್ಟಿಸಲು ಹೊರಟವರು ಮೊದಲು ಕೇಳುವುದು "ಚದರಕ್ಕೆ ಎಷ್ಟಾಗುತ್ತೆ?" ಎಂದು. ಆಮೇಲೆ ಕೇಳುವುದು "ಬ್ಯಾಂಕಿನವರು ಎಷ್ಟು ಕೊಡ್ತಾರೆ?" ಎಂದು. ಈ ಎರಡಕ್ಕೂ ಉತ್ತರ ಸಿಕ್ಕಿತೆಂದರೆ ಗುದ್ದಲಿ ಪೂಜೆಗೆ ದಿನ ನೋಡಿಸಿಬಿಡುತ್ತಾರೆ. ಆದರೆ ಅರ್ಧಕ್ಕೆ ನಿಂತ ಮನೆಗಳ ಲೆಕ್ಕ ತೆಗೆದು ನೋಡಿದರೆ, ಒಟ್ಟು ಮೊತ್ತ ಸಾಲದೆ ನಿಂತಿದ್ದಕ್ಕಿಂತ ಬೇಕಾದ ತಿಂಗಳಲ್ಲಿ ದುಡ್ಡು ಕೈಯಲ್ಲಿಲ್ಲದೆ ನಿಂತಿದ್ದೇ ಹೆಚ್ಚು. ಗೃಹಸಾಲದ ಹಣ ಯಾವಾಗಲೂ ಕೆಲಸದ ಹಿಂದೆ ಬರುತ್ತದೆ, ಮುಂದೆ ಬರುವುದಿಲ್ಲ. ಪಾಯ ಮುಗಿದ ಮೇಲೆ ಪಾಯದ ಕಂತು, ಮೋಲ್ಡ್ (ಕಾಂಕ್ರೀಟ್ ಚಾವಣಿ) ಹಾಕಿದ ಮೇಲೆ ಮೋಲ್ಡಿನ ಕಂತು. ಹಾಗಾಗಿ ಬಜೆಟ್ ಎಂದರೆ ಒಟ್ಟು ಮೊತ್ತದ ಪಟ್ಟಿಯಷ್ಟೇ ಅಲ್ಲ, ತಿಂಗಳಿಗೊಂದು ಸಾಲು ಇರುವ ಪಟ್ಟಿ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ತುಮಕೂರು, ಹಾಸನ, ದಾವಣಗೆರೆಯಂಥ ಊರಲ್ಲಿ 30×40ರ ಸ್ವಂತ ಸೈಟು. ಸುತ್ತ ಜಾಗ ಬಿಟ್ಟು ಕೆಳಗೆ ಎಂಟೂವರೆ ಚದರ, ಮೇಲೆ ಮೂರೂವರೆ ಚದರ, ಒಟ್ಟು 12 ಚದರ, ಅಂದರೆ 1,200 ಚದರಡಿ. ಚದರಡಿಗೆ 2,000 ರೂಪಾಯಿ ಎಂದು ಹಿಡಿದಿದ್ದೇವೆ. ಇದು ಲೆಕ್ಕ ತೋರಿಸಲು ಇಟ್ಟುಕೊಂಡ ದರ. ನಿಮ್ಮ ಊರಿನ ದರ ಹಾಕಿ ಮತ್ತೆ ಗುಣಿಸಿಕೊಳ್ಳಿ, ಕ್ರಮ ಬದಲಾಗುವುದಿಲ್ಲ.

1. "24 ಲಕ್ಷದ ಮನೆ"ಯ ನಿಜವಾದ ಮೊತ್ತ

ಮೇಸ್ತ್ರಿ ಅಥವಾ ಕಂಟ್ರಾಕ್ಟರ್ ಹೇಳುವ ಚದರದ ದರ ಕಟ್ಟಡಕ್ಕೆ ಮಾತ್ರ. ಅದರಾಚೆಗಿನದ್ದನ್ನು ಈಗಲೇ ಪಕ್ಕದಲ್ಲಿ ಬರೆಯಿರಿ:

ಕಟ್ಟಡ, 1,200 × 2,000 – 24,00,000
ಸಂಪು, ಕಾಂಪೌಂಡು, ಗೇಟು, ಹೊರಗಿನ ನೆಲ, ಒಳಚರಂಡಿ ಸಂಪರ್ಕ, ಮಳೆನೀರು ಕೊಯ್ಲು – 2,60,000
ನಕ್ಷೆ, ಲೈಸೆನ್ಸು, ಸೆಸ್, ಎಂಜಿನಿಯರ್, ಸಾಲದ ಖರ್ಚು, ಕರೆಂಟು ಮತ್ತು ನೀರಿನ ಠೇವಣಿ – 1,50,000
ಒಳಗಿನ ಸಾಮಾನು, ಮರಗೆಲಸ – 4,00,000
ಕೈಮೀರಿದ ಖರ್ಚಿಗೆ, ಕಟ್ಟಡದ ಶೇ. 10 – 2,40,000
ಒಂದು ವರ್ಷದ ಮನೆ ಬಾಡಿಗೆ, ತಿಂಗಳಿಗೆ 9,000 – 1,08,000
ಕಟ್ಟುವ ಅವಧಿಯ ಬಡ್ಡಿ – 92,000
ಗೃಹಪ್ರವೇಶ – 1,00,000

ಕೂಡಿದರೆ 37,50,000. 24 ಲಕ್ಷ ಎಂದು ಹೊರಟ ಮನೆ ಇದು. ಯಾರೂ ಮೋಸ ಮಾಡಿಲ್ಲ, ಕೇಳಿದ ಪ್ರಶ್ನೆಯೇ ಚಿಕ್ಕದಾಗಿತ್ತು.

ಸೆಸ್ ಎಂಬುದು ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿಗೆ ಹೋಗುವ, ಕಟ್ಟುವ ವೆಚ್ಚದ ಶೇ. 1ರ ಮೊತ್ತ. ಸ್ವಂತ ವಾಸದ ಮನೆಯ ವೆಚ್ಚ 10 ಲಕ್ಷ ದಾಟದಿದ್ದರೆ ಇದು ಇಲ್ಲ ಎಂಬ ಮಿತಿ ಹಿಂದಿತ್ತು; 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಮಿತಿ 50 ಲಕ್ಷ. ನಿಮ್ಮಲ್ಲಿ ಯಾವ ಮಿತಿ ಹಿಡಿಯುತ್ತಾರೆಂದು ಕೇಳಿಕೊಳ್ಳಿ; ಅಲ್ಲಿಯವರೆಗೆ ಪಟ್ಟಿಯಲ್ಲಿರಲಿ. ಮಿತಿ ದಾಟಿದರೆ ನಕ್ಷೆ ಮಂಜೂರಾತಿಯ ಹೊತ್ತಿಗೇ ಕೈಯಿಂದ ಹೋಗುತ್ತದೆ.

ಚದರದ ದರ ಒಪ್ಪುವ ಮೊದಲು ಕೇಳಲೇಬೇಕಾದ ಒಂದು ಮಾತಿದೆ: "ಚದರ ಯಾವುದರ ಮೇಲೆ ಅಳೀತೀರಿ?" ಕೆಲವರು ಗೋಡೆಯ ಹೊರ ಅಳತೆ ಹಿಡಿಯುತ್ತಾರೆ, ಕೆಲವರು ಮೋಲ್ಡಿನ ಅಳತೆ. ಮೋಲ್ಡ್ ಅಳತೆಯಲ್ಲಿ ಪೋರ್ಟಿಕೋ, ಬಾಲ್ಕನಿ, ಮೆಟ್ಟಿಲ ಮೇಲಿನ ಹೆಡ್‌ರೂಂ ಎಲ್ಲ ಸೇರುತ್ತವೆ. ಹನ್ನೆರಡು ಚದರ ಎಂದುಕೊಂಡಿದ್ದು ಬಿಲ್ಲಿನಲ್ಲಿ ಹದಿಮೂರೂವರೆ ಆಗುವುದು ಹೀಗೆ. ಪೋರ್ಟಿಕೋಗೆ ಅರ್ಧ ದರವೋ ಪೂರ್ತಿಯೋ, ಸಂಪು ಸೇರಿದೆಯೋ ಇಲ್ಲವೋ, ಮೋಲ್ಡಿನ ಮೇಲಿನ ಮೋಟುಗೋಡೆ ಯಾರ ಲೆಕ್ಕಕ್ಕೆ, ಇವನ್ನೆಲ್ಲ ಕರಾರಿನಲ್ಲಿ ಬರೆಸಿ.

ಜಿಎಸ್‌ಟಿಯನ್ನೂ ಅಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಸಾಮಗ್ರಿ ನಿಮ್ಮದು, ಕೂಲಿ ಮಾತ್ರ ಅವರದು ಎಂಬ ಲೇಬರ್ ಕಾಂಟ್ರಾಕ್ಟಿನಲ್ಲಿ ಒಂಟಿ ವಾಸದ ಮನೆಗೆ ಜಿಎಸ್‌ಟಿ ಇಲ್ಲ. ಸಾಮಗ್ರಿ ಸಮೇತ ಒಪ್ಪಿಕೊಂಡ, ನೋಂದಣಿಯಾದ ಕಂಟ್ರಾಕ್ಟರ್ ಶೇ. 18 ಹಾಕುತ್ತಾರೆ. 24 ಲಕ್ಷಕ್ಕೆ ಅದು 4,32,000 ಆಗುತ್ತದೆ. "ದರದಲ್ಲಿ ತೆರಿಗೆ ಸೇರಿದೆಯಾ?" ಎಂಬ ಒಂದು ಪ್ರಶ್ನೆಗೆ ಅಷ್ಟು ಬೆಲೆ. ಇನ್ನೊಂದು: ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಕೊಟೇಶನ್ ಕೈಯಲ್ಲಿದ್ದರೆ ಹೊಸದಾಗಿ ಬರೆಸಿಕೊಳ್ಳಿ.

2. ಬ್ಯಾಂಕಿಗೆ ಹೋಗುವ ಮೊದಲು ಒಂದು ವರ್ಷದ ಅಭ್ಯಾಸ

ನಮ್ಮ ಉದಾಹರಣೆಯಲ್ಲಿ 20 ಲಕ್ಷ ಸಾಲ. ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ಇಎಂಐ ಲಕ್ಷಕ್ಕೆ 868 ರೂಪಾಯಿ, ಅಂದರೆ ತಿಂಗಳಿಗೆ 17,356. ಅದೇ 15 ವರ್ಷಕ್ಕಾದರೆ ಲಕ್ಷಕ್ಕೆ 985. ಸಂಬಳದ ಅರ್ಧದವರೆಗೂ ಇಎಂಐ ಕಟ್ಟಬಹುದೆಂದು ಲೆಕ್ಕ ಹಾಕುವ ಬ್ಯಾಂಕುಗಳಿವೆ. ಆದರೆ ಮಕ್ಕಳ ಫೀಸು, ಅಪ್ಪ-ಅಮ್ಮನ ಔಷಧಿ ಬ್ಯಾಂಕಿನ ಕಂಪ್ಯೂಟರಿಗೆ ಕಾಣುವುದಿಲ್ಲ. ಕೈಗೆ ಬರುವ ಸಂಬಳದ ಶೇ. 35 ದಾಟದಿರುವುದು ಒಳ್ಳೆಯದು. 17,356ಕ್ಕೆ ಕೈಗೆ ಸುಮಾರು 50,000 ಬರುತ್ತಿರಬೇಕು.

ಇದು ನಿಮ್ಮಿಂದ ಆಗುತ್ತದೆಯೇ ಎಂದು ತಿಳಿಯಲು ಸುಲಭದ ದಾರಿಯಿದೆ. ಕೆಲಸ ಶುರುಮಾಡುವುದಕ್ಕೆ ಒಂದು ವರ್ಷ ಮೊದಲೇ ಅಷ್ಟೇ ಮೊತ್ತದ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ತೆರೆಯಿರಿ, ಸಂಬಳ ಬಂದ ಮರುದಿನವೇ ಕಡಿತವಾಗುವಂತೆ. ಹನ್ನೆರಡು ತಿಂಗಳಲ್ಲಿ ಒಂದು ಸಲವೂ ತಪ್ಪದೆ ಕಟ್ಟಲು ಆದರೆ ಇಎಂಐ ಕೂಡ ಕಟ್ಟಬಹುದು. ಮೂರು ಸಲ ತಪ್ಪಿದರೆ ಮನೆಯನ್ನು ಒಂದು ಚದರ ಚಿಕ್ಕದು ಮಾಡಿ. ಈ ಅಭ್ಯಾಸ ಬರಿಗೈಲೂ ಬಿಡುವುದಿಲ್ಲ: ವರ್ಷದ ಕೊನೆಗೆ 2,08,000 ಚಿಲ್ಲರೆ ಮತ್ತು ಅದರ ಬಡ್ಡಿ ಕೈಗೆ ಬರುತ್ತದೆ. ನಕ್ಷೆ, ಲೈಸೆನ್ಸಿನ ಖರ್ಚು ಅಲ್ಲೇ ಮುಗಿಯುತ್ತದೆ.

ಉಳಿತಾಯವೆಲ್ಲ ಒಂದೇ ಎಫ್‌ಡಿಯಲ್ಲಿದ್ದರೆ ನಾಲ್ಕೈದು ತುಂಡು ಮಾಡಿ. ಪಾಯದ ತಿಂಗಳಿಗೊಂದು, ಮೋಲ್ಡಿನ ತಿಂಗಳಿಗೊಂದು, ಟೈಲ್ಸ್ ತಿಂಗಳಿಗೊಂದು ಅವಧಿ ಮುಗಿಯುವಂತೆ ಇಡಿ. ಒಂದು ಲಕ್ಷ ಬೇಕಾದಾಗ ಐದು ಲಕ್ಷದ ಎಫ್‌ಡಿ ಒಡೆಯುವುದು ತಪ್ಪುತ್ತದೆ. ಚೀಟಿ ಹಾಕಿರುವವರು ಆ ದುಡ್ಡನ್ನು ಪಟ್ಟಿಯಲ್ಲಿ ಬರೆಯುವಾಗ ಕೊನೆಯ ಕಂತಿನ ತಿಂಗಳನ್ನೇ ಬರೆಯಿರಿ. "ಬೇಕಾದಾಗ ಕೂಗಿ ಎತ್ತಿಕೊಳ್ತೀನಿ" ಎಂದು ಪಾಯದ ತಿಂಗಳಿಗೆ ಬರೆದುಕೊಂಡರೆ, ಆ ತಿಂಗಳು ನಿಮ್ಮ ಹಾಗೇ ಇನ್ನಿಬ್ಬರಿಗೂ ತುರ್ತಿದ್ದರೆ ಸಾಕು, ಕೂಗು ಏರಿ ಕೈಗೆ ಬರುವುದು ಕಡಿಮೆಯಾಗುತ್ತದೆ. ನೋಂದಣಿಯಿಲ್ಲದ ಚೀಟಿಯ ದುಡ್ಡನ್ನಂತೂ ಕಟ್ಟಡದ ಲೆಕ್ಕಕ್ಕೆ ಸೇರಿಸಲೇಬೇಡಿ.

ಆರು ತಿಂಗಳ ಮನೆಖರ್ಚು ಮತ್ತು ಇಎಂಐನಷ್ಟು ಹಣ ಈ ಎಲ್ಲ ಲೆಕ್ಕದಿಂದ ಹೊರಗಿರಲಿ. 37.5 ಲಕ್ಷದಲ್ಲಿ ಅದನ್ನು ಸೇರಿಸಿಲ್ಲ.

3. ಕಾಗದಪತ್ರ ಮತ್ತು ಎಸ್ಟಿಮೇಟು

ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು, ಭೂ ಪರಿವರ್ತನೆಯ ಆದೇಶ, ಇ-ಖಾತಾ, ಈ ಸಾಲಿನ ಕಂದಾಯ ರಸೀದಿ, ಋಣಭಾರ ಪತ್ರ (ಇಸಿ), ಮಂಜೂರಾದ ನಕ್ಷೆ, ಎಂಜಿನಿಯರ್ ಬರೆದ ಎಸ್ಟಿಮೇಟು. ಗ್ರಾಮ ಪಂಚಾಯಿತಿಯ ಸೈಟಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಋಣಭಾರ ಪತ್ರ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲಿ ಸಿಗುತ್ತದೆ. ಇವನ್ನೆಲ್ಲ ಮೊದಲೇ ಒಬ್ಬ ವಕೀಲರಿಗೆ ತೋರಿಸಿ. ಬ್ಯಾಂಕಿನ ವಕೀಲರು "ಈ ಪತ್ರ ಸಾಲದು" ಎನ್ನುವ ಹೊತ್ತಿಗೆ ಪಾಯ ತೋಡಿಯಾಗಿದ್ದರೆ ಎಲ್ಲ ಭಾರ ನಿಮ್ಮ ಕೈಯ ದುಡ್ಡಿನ ಮೇಲೇ ಬೀಳುತ್ತದೆ.

ಎಸ್ಟಿಮೇಟಿನ ವಿಷಯದಲ್ಲಿ ಎರಡು ತಪ್ಪು ನಡೆಯುತ್ತವೆ. ಸಾಲ ಹೆಚ್ಚು ಸಿಗಲಿ ಎಂದು ಮೊತ್ತ ಹಿಗ್ಗಿಸಿ ಬರೆಸುವುದು ಮೊದಲನೆಯದು. ಆಗ ನೀವು ಹಾಕಬೇಕಾದ ಸ್ವಂತ ಪಾಲೂ ಹಿಗ್ಗುತ್ತದೆ, ಬ್ಯಾಂಕಿನ ಎಂಜಿನಿಯರ್ ಬಂದು ನೋಡಿದಾಗ ಕೆಲಸ ಆ ಮಟ್ಟಕ್ಕೆ ಬಂದಿಲ್ಲವೆಂದು ಕಂತು ತಡೆಯುತ್ತಾರೆ. ಶುಲ್ಕ ಕಡಿಮೆಯಾಗಲಿ ಎಂದು ಕುಗ್ಗಿಸಿ ಬರೆಸುವುದು ಎರಡನೆಯದು. ಗೋಡೆ ಎದ್ದ ಮೇಲೆ ಸಾಲ ಹೆಚ್ಚಿಸಿ ಎಂದು ಕೇಳಿದರೆ ಮತ್ತೆ ಮೌಲ್ಯಮಾಪನ, ಮತ್ತೆ ಮಂಜೂರಾತಿ, ಒಂದೆರಡು ತಿಂಗಳು ಕೆಲಸ ಬಂದ್. ನಿಜವಾದ ಮೊತ್ತ ಬರೆಸಿ. ಕಾಂಪೌಂಡು, ಸಂಪು, ಅಡುಗೆಮನೆಯ ಗ್ರಾನೈಟ್ ಕಟ್ಟೆಯೂ ಅದರಲ್ಲಿರಲಿ.

ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಮೌಲ್ಯದ ಶೇ. 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲಾದರೆ ಶೇ. 75 ಗರಿಷ್ಠ ಮಿತಿ. ಅಷ್ಟು ಕೊಟ್ಟೇ ಕೊಡಬೇಕೆಂದೇನಿಲ್ಲ.

ಮಂಜೂರಾತಿ ಪತ್ರ ಕೈಗೆ ಬಂದಾಗ ಸಹಿ ಹಾಕುವ ಮೊದಲು ಎಷ್ಟು ಕಂತು, ಯಾವ ಹಂತಕ್ಕೆ ಎಷ್ಟು, ಇಎಂಐ ಯಾವಾಗ ಶುರು, ಮೊದಲ ಕಂತು ಎಷ್ಟು ದಿನದೊಳಗೆ ತೆಗೆದುಕೊಳ್ಳಬೇಕು ಎಂಬುದನ್ನು ಓದಿ. ಸಾಲದ ಜೊತೆಗೆ ಒಂದೇ ಕಂತಿನ ವಿಮೆಯನ್ನು ಸೇರಿಸಿ ಅದರ ಪ್ರೀಮಿಯಮ್ಮನ್ನೂ ಸಾಲಕ್ಕೇ ಹಾಕುವ ರೂಢಿಯಿದೆ. ಇದು ಕಡ್ಡಾಯವಲ್ಲ. ವಿಮೆ ಬೇಕೇ ಬೇಕು, ಆದರೆ ಸಾಲದ ಮೊತ್ತಕ್ಕೆ ಸಮನಾದ ಟರ್ಮ್ ವಿಮೆಯನ್ನು ಬೇರೆಯಾಗಿ ಮಾಡಿಸಿ ಎರಡರ ದರ ಹೋಲಿಸಿ ನೋಡಿ.

4. ಹಂತಕ್ಕೆ ಹಂತ ಕೂಡಿಸಿ ನೋಡಿದಾಗ

ಈ ಲೇಖನದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ಕಟ್ಟಡದ 24 ಲಕ್ಷ ಸುಮಾರಾಗಿ ಹೀಗೆ ಹಂಚಿಹೋಗುತ್ತದೆ: ಪಾಯದಿಂದ ಪ್ಲಿಂತ್‌ವರೆಗೆ (ಮನೆಯ ನೆಲದ ಮಟ್ಟ) ಶೇ. 18, ಅಲ್ಲಿಂದ ಗೋಡೆ, ಲಿಂಟಲ್‌ವರೆಗೆ (ಬಾಗಿಲು, ಕಿಟಕಿಯ ಮೇಲಿನ ತೊಲೆ) ಶೇ. 20, ಮೋಲ್ಡ್ ಮತ್ತು ಮೆಟ್ಟಿಲಿಗೆ ಶೇ. 22, ಮೇಲಿನ ಕೋಣೆ, ಗಾರೆ, ವಯರಿಂಗ್, ಪೈಪುಗಳಿಗೆ ಶೇ. 22, ಟೈಲ್ಸು, ಬಾಗಿಲು, ಬಣ್ಣ, ಫಿಟ್ಟಿಂಗಿಗೆ ಶೇ. 18. ಬ್ಯಾಂಕು 20 ಲಕ್ಷವನ್ನು 4, 5, 5, 4, 2 ಲಕ್ಷದ ಐದು ಕಂತಿನಲ್ಲಿ, ಆಯಾ ಹಂತ ಮುಗಿದ ಮೇಲೆ, ಎರಡು ತಿಂಗಳಿಗೊಮ್ಮೆ ಕೊಡುತ್ತದೆ ಎಂದುಕೊಳ್ಳಿ.

ಮೊದಲ ಕಂತು ಬರುವ ಮುಂಚೆ ಕೈಯಿಂದ ಹೋಗುವುದು: ಕಾಗದಪತ್ರಕ್ಕೆ 1.5 ಲಕ್ಷ, ಸಂಪಿಗೆ 80,000, ಪ್ಲಿಂತ್‌ವರೆಗೆ 4.3 ಲಕ್ಷ. ಒಟ್ಟು 6.6 ಲಕ್ಷ. ಸಂಪನ್ನು ಮೊದಲೇ ಕಟ್ಟಿಸುವುದು ಸರಿ, ಏಕೆಂದರೆ ಕ್ಯೂರಿಂಗಿಗೆ (ಕಾಂಕ್ರೀಟಿಗೆ ನೀರುಣಿಸುವುದಕ್ಕೆ) ಟ್ಯಾಂಕರ್ ನೀರು ತರಿಸಿದರೆ ಇಳಿಸಲು ಜಾಗ ಬೇಕು.

ಅಲ್ಲಿಂದ ಮುಂದೆ ಪ್ರತಿ ಹಂತವನ್ನೂ ಹಿಂದಿನ ಹಂತಕ್ಕೆ ಬಂದ ಕಂತಿನಿಂದ ನಡೆಸಬೇಕು. ಗೋಡೆಗೆ 4.8 ಲಕ್ಷ ಬೇಕು, ಕೈಯಲ್ಲಿ 4, ಕೊರತೆ 80,000. ಮೋಲ್ಡಿಗೆ 5.3 ಬೇಕು, ಬಂದಿದ್ದು 5. ಕೊರತೆ ಒಟ್ಟು 1.1 ಲಕ್ಷ. ಗಾರೆ, ವಯರಿಂಗಿಗೂ ಹಾಗೇ, ಕೊರತೆ 1.4. ಇಲ್ಲಿಯವರೆಗೆ ಹೇಗೋ ಸರಿದೂಗುತ್ತದೆ. ಕೊನೆಯ ಹಂತದಲ್ಲಿ ಟೈಲ್ಸು, ಬಾಗಿಲು, ಬಣ್ಣಕ್ಕೆ 4.3 ಮತ್ತು ಕಾಂಪೌಂಡು, ಗೇಟು ಇತ್ಯಾದಿಗೆ 1.8, ಒಟ್ಟು 6.1 ಲಕ್ಷ ಬೇಕು. ಕೈಯಲ್ಲಿರುವುದು ಗಾರೆ ಮುಗಿದಿದ್ದಕ್ಕೆ ಬಂದ 4 ಲಕ್ಷ. ಕೊರತೆ 3.5 ಲಕ್ಷಕ್ಕೆ ಜಿಗಿಯುತ್ತದೆ. ಕೊನೆಯ 2 ಲಕ್ಷ ಎಲ್ಲ ಮುಗಿದ ಮೇಲೆ ತಾನೇ ಬರುವುದು.

ಈ 3.5 ಲಕ್ಷದ ಹಳ್ಳಕ್ಕೇ ಮನೆಗಳು ಬೀಳುತ್ತವೆ. ಅದನ್ನು ದಾಟಲು ಕೈಮೀರಿದ ಖರ್ಚಿಗೆಂದು ಇಟ್ಟ 2.4 ಲಕ್ಷ, ಜೊತೆಗೆ ಕಟ್ಟಡಕ್ಕೆಂದೇ ಉಳಿಸಿಕೊಂಡ ಸ್ವಂತ ಹಣ 1.5 ಲಕ್ಷ, ಎರಡೂ ಇರಬೇಕು. ಮೋಲ್ಡ್ ಹಂತದಲ್ಲೇ "ಹೇಗೂ ದುಡ್ಡಿದೆಯಲ್ಲ, ಮುಂಭಾಗಕ್ಕೊಂದು ಕಲ್ಲಿನ ಕೆಲಸ ಮಾಡಿಸೋಣ" ಎಂದು 2.4 ಲಕ್ಷ ಮುಗಿಸಿದವರು ಟೈಲ್ಸ್ ಹೊತ್ತಿಗೆ ಒಳಗಿನ ಸಾಮಾನಿನ 4 ಲಕ್ಷಕ್ಕೆ ಕೈ ಹಾಕುತ್ತಾರೆ, ಆಮೇಲೆ ಕಪಾಟು, ಫ್ಯಾನಿಗೆ ಪರ್ಸನಲ್ ಲೋನ್ ಹುಡುಕುತ್ತಾರೆ. ಸಾಮಾನಿನ 4 ಲಕ್ಷವನ್ನು ಬೇರೆ ಹೆಸರಿನ ಎಫ್‌ಡಿಯಲ್ಲಿ, ಹನ್ನೊಂದನೆಯ ತಿಂಗಳಿಗೆ ಮುಗಿಯುವಂತೆ ಇಡಬೇಕೆನ್ನುವುದು ಇದಕ್ಕೇ.

ಕಂತು ಕೇಳಿದ ದಿನವೇ ಬರುವುದಿಲ್ಲ. ಅರ್ಜಿ, ಬ್ಯಾಂಕಿನ ಎಂಜಿನಿಯರ್ ಭೇಟಿ, ಫೋಟೋ, ವರದಿ, ಬಿಡುಗಡೆ, ಇಷ್ಟಕ್ಕೆ ಹತ್ತು-ಹದಿನೈದು ದಿನ ಇಟ್ಟುಕೊಳ್ಳಿ. ಮೋಲ್ಡ್ ಹಾಕಿದ ಮರುದಿನವೇ ಅರ್ಜಿ ಕೊಡಿ. ಹೇಗೂ ಸೆಂಟ್ರಿಂಗ್ (ಮೋಲ್ಡಿಗೆ ಕೊಟ್ಟ ಆಸರೆಯ ಹಲಗೆ, ಕಂಬ) ಬಿಚ್ಚುವವರೆಗೆ ಕೆಳಗೆ ಕೆಲಸ ನಡೆಯುವುದಿಲ್ಲ, ಆ ದಿನಗಳನ್ನು ಬ್ಯಾಂಕಿನ ಓಡಾಟಕ್ಕೆ ಬಳಸಿಕೊಳ್ಳಬಹುದು.

ಕಂಟ್ರಾಕ್ಟರ್ ಕಂತೂ ಬ್ಯಾಂಕಿನ ಹಂತಗಳಿಗೇ ಹೊಂದಿಕೊಂಡಿರಲಿ. "ಅಗ್ರಿಮೆಂಟಿಗೆ ಶೇ. 25, ಪಾಯಕ್ಕೆ 25" ಎಂಬ ಪಟ್ಟಿ ಕೊಟ್ಟರೆ ಒಪ್ಪಬೇಡಿ. ಪ್ಲಿಂತ್ ಹೊತ್ತಿಗೆ ಅರ್ಧ ದುಡ್ಡು ಹೋಗಿ, ಆಗಿರುವ ಕೆಲಸ ಐದರಲ್ಲಿ ಒಂದು ಪಾಲೂ ಇರುವುದಿಲ್ಲ. ಕೊನೆಯ ಶೇ. 5ನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಬರೆಸಿ. ತಾರಸಿ, ಕಿಟಕಿಯ ಸಜ್ಜೆ, ಬಚ್ಚಲ ಗೋಡೆ ಒಸರುವುದು ಗೊತ್ತಾಗುವುದೇ ಆಗ.

5. ದಿನದ ಬೆಲೆ

ಕಟ್ಟುವ ಅವಧಿಯಲ್ಲಿ ಬಿಡುಗಡೆಯಾದ ಮೊತ್ತಕ್ಕೆ ಮಾತ್ರ ಬಡ್ಡಿ. ಮೇಲಿನ ಕಂತುಗಳ ಪ್ರಕಾರ ಹನ್ನೆರಡು ತಿಂಗಳಿಗೆ ಅದು ಸುಮಾರು 92,000. ಪೂರ್ತಿ 20 ಲಕ್ಷ ಬಿಡುಗಡೆಯಾದ ಮೇಲೆ ತಿಂಗಳಿಗೆ 14,167. ಬಾಡಿಗೆ 9,000 ಸೇರಿದರೆ 23,167. ಮನೆ ತಡವಾದ ಪ್ರತಿ ತಿಂಗಳ ಬೆಲೆ ಇದು. ಟೈಲ್ಸ್ ಆರಿಸುವುದಕ್ಕೆ, ಬಡಗಿ ಬರಲಿ ಎಂದು ಕಾಯುವುದಕ್ಕೆ ಮೂರು ತಿಂಗಳು ಹೋದರೆ ಸುಮಾರು 70,000 ರೂಪಾಯಿ ಹೋದ ಹಾಗೆ. ಗೋಡೆ ಏಳುವಾಗಲೇ ಟೈಲ್ಸು, ನಲ್ಲಿ, ಸ್ವಿಚ್ಚು, ಬಾಗಿಲು ಆರಿಸಿ ಬೆಲೆ ಬರೆದಿಟ್ಟುಕೊಂಡರೆ ಈ ಖರ್ಚು ಉಳಿಯುತ್ತದೆ.

ಆದರೆ ಕ್ಯೂರಿಂಗಿನ ದಿನಗಳನ್ನು ಕಡಿಮೆ ಮಾಡಬೇಡಿ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ (ಹಾರುಬೂದಿ ಬೆರೆಸಿದ) ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ನೀರು ನಿಲ್ಲಿಸಬೇಕು, ಬೇಸಿಗೆಯಾದರೆ ಇನ್ನೂ ಹೆಚ್ಚು. ಬಾಡಿಗೆ ಉಳಿಸಲು ಸೆಂಟ್ರಿಂಗ್ ಬೇಗ ಬಿಚ್ಚಿಸಿದರೆ ಬಿರುಕಿಗೆ, ನೀರು ಸೋರುವುದಕ್ಕೆ ಆಮೇಲೆ ವರ್ಷ ವರ್ಷವೂ ದುಡ್ಡು ಸುರಿಯಬೇಕು.

ಗೃಹಪ್ರವೇಶದ ಮುಹೂರ್ತ ಟೈಲ್ಸ್ ಹಾಸಿ ಮುಗಿದ ಮೇಲೆ ನೋಡಿಸಿ. ಆಷಾಢ ಬರುವುದರೊಳಗೆ ಆಗಲೇಬೇಕೆಂದು ಮೊದಲೇ ದಿನ ಗೊತ್ತುಮಾಡಿಕೊಂಡರೆ ಬಣ್ಣದವರು, ಬಡಗಿ, ಎಲೆಕ್ಟ್ರಿಷಿಯನ್ ಒಂದೇ ವಾರ ಒಂದೇ ಕೋಣೆಯಲ್ಲಿ ಕೆಲಸ ಮಾಡುತ್ತಾರೆ. ಹಸಿ ಗಾರೆಯ ಮೇಲೆ ಪುಟ್ಟಿ ಎಳೆದು ಬಣ್ಣ ಬಳಿದರೆ ಆರು ತಿಂಗಳೊಳಗೆ ಹಪ್ಪಳದ ಹಾಗೆ ಏಳುತ್ತದೆ.

6. ಸಾಮಗ್ರಿ ಇಳಿಯುವಾಗ ಪಕ್ಕದಲ್ಲಿ ನಿಲ್ಲಿ

ಲೇಬರ್ ಕಾಂಟ್ರಾಕ್ಟಿನಲ್ಲಿ ಬಜೆಟ್ ಸೋರುವುದು ಗೇಟಿನ ಬಳಿ. ಹನ್ನೆರಡು ಚದರಕ್ಕೆ ಅಂದಾಜು 480 ಮೂಟೆ ಸಿಮೆಂಟು, ನಾಲ್ಕೂಕಾಲರಿಂದ ನಾಲ್ಕೂಮುಕ್ಕಾಲು ಟನ್ ಕಬ್ಬಿಣ ಬೇಕಾಗುತ್ತದೆ. ಎಂಜಿನಿಯರ್ ನಕ್ಷೆಯಿಂದ ನಿಖರ ಪಟ್ಟಿ ತೆಗೆಸಿ.

ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತೆಗೆದ ಮರಳು) ಟಿಪ್ಪರ್ ಬಂದಾಗ ಸುರಿಯುವ ಮುಂಚೆ ಮೇಲೆ ಹತ್ತಿ. ಉದ್ದ, ಅಗಲ ಒಳಗಿನಿಂದ ಅಳೆಯಿರಿ. ಆಮೇಲೆ 8 ಎಂಎಂ ಕಂಬಿಯ ತುಂಡೊಂದನ್ನು ನಾಲ್ಕು ಮೂಲೆ ಮತ್ತು ನಡುವೆ, ತಳಕ್ಕೆ ಠಣ್ ಎಂದು ತಗಲುವವರೆಗೆ ಚುಚ್ಚಿ ಆಳ ನೋಡಿ. ನಡುವೆ ಗುಡ್ಡೆ ಎತ್ತರವಾಗಿ, ಮೂಲೆಗಳಲ್ಲಿ ಇಳಿಜಾರಾಗಿ ಇರುತ್ತದೆ. 12 ಅಡಿ ಉದ್ದ, 7 ಅಡಿ ಅಗಲದ ಗಾಡಿಯಲ್ಲಿ ಮೂರೂವರೆ ಅಡಿ ಎತ್ತರಕ್ಕೆ 294 ಘನಅಡಿ. ಸರಾಸರಿ ಆಳ ಮೂರೇ ಅಡಿ ಇದ್ದರೆ 252. ಒಂದು ಲೋಡಿಗೆ 42 ಘನಅಡಿ ಕಡಿಮೆ. ಏಳೆಂಟು ಲೋಡಿಗೆ ಒಂದು ಲೋಡೇ ಮಾಯ.

ಕಬ್ಬಿಣಕ್ಕೆ ತಕ್ಕಡಿಯ ಚೀಟಿ ಜೊತೆಗೆ ಕಂಬಿ ಎಣಿಸಿ. ಕಂಬಿಯ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಬರುತ್ತದೆ. 12 ಮೀಟರ್ ಉದ್ದದ 8 ಎಂಎಂ ಕಂಬಿ 4.74 ಕೆಜಿ, 10 ಎಂಎಂ 7.4, 12 ಎಂಎಂ 10.66, 16 ಎಂಎಂ 18.96. ಒಂದು ಟನ್ 12 ಎಂಎಂ ಎಂದರೆ 94 ಕಂಬಿ ಹತ್ತಿರ ಇರಬೇಕು.

ಆರಿಂಚಿನ ಸಾಲಿಡ್ ಬ್ಲಾಕ್ 16×8 ಇಂಚಿನ ಮುಖದ್ದಾದರೆ 100 ಚದರಡಿ ಗೋಡೆಗೆ 112 ಬೇಕು, ಒಡೆಯುವುದಕ್ಕೆ ಐದಾರು ಸೇರಿಸಿ. ಸಿಮೆಂಟನ್ನು ಅಗ್ಗವೆಂದು ಇಡೀ ಮನೆಗಾಗುವಷ್ಟು ಒಮ್ಮೆಗೇ ತರಿಸಬೇಡಿ. ಮೂಟೆಯ ಮೇಲಿನ ವಾರ, ವರ್ಷ ನೋಡಿ. ಮೂರು ತಿಂಗಳು ದಾಟಿದ್ದರ ಶಕ್ತಿ ಕುಗ್ಗಿರುತ್ತದೆ.

ಎಕ್ಸ್‌ಟ್ರಾ ಕೆಲಸಕ್ಕೆ ಒಂದೇ ನಿಯಮ: ಮಾಡುವ ಮುಂಚೆ ದರ, ಮಾಡಿದ ದಿನವೇ ಅಳತೆ, ಇಬ್ಬರ ಸಹಿ. ಕಿಟಕಿ ಒಂದಡಿ ಸರಿಸಿದ್ದು, ಬಚ್ಚಲ ನೆಲ ತಗ್ಗಿಸಿದ್ದು ಕೊನೆಯ ಬಿಲ್ಲಿನಲ್ಲಿ ಎಷ್ಟಾಗಿ ಬರುತ್ತವೆಂದು ಊಹಿಸಲಾಗದು. ಮಂಜೂರಾದ ನಕ್ಷೆ ಮೀರಿ ಒಂದು ಕೋಣೆ ಎಬ್ಬಿಸುವ ಆಸೆಯಂತೂ ಬೇಡ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಸ್ವಾಧೀನಾನುಭವ ಪತ್ರಕ್ಕೂ (ನಕ್ಷೆಯಂತೆ ಕಟ್ಟಿದೆ, ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ) ಕರೆಂಟು, ನೀರಿನ ಸಂಪರ್ಕಕ್ಕೂ ಗಂಟು ಬಿದ್ದಿದೆ. ನಿಮ್ಮ ಅಳತೆಯ ಸೈಟಿಗೆ ಯಾವ ವಿನಾಯಿತಿ ಜಾರಿಯಲ್ಲಿದೆ ಎಂದು ನಗರಸಭೆಯಲ್ಲೂ ವಿದ್ಯುತ್ ಕಚೇರಿಯಲ್ಲೂ ಪಾಯಕ್ಕೆ ಮೊದಲೇ ಕೇಳಿ.

7. ಒಳಗಿನ ನಾಲ್ಕು ಲಕ್ಷ

ಪೈಪು ಈಗ, ಸಾಮಾನು ಆಮೇಲೆ. ಎಸಿ ಇನ್ನೂ ನಾಲ್ಕು ವರ್ಷಕ್ಕೆ ಕೊಳ್ಳದಿರಬಹುದು, ಆದರೆ ಅದರ ವಯರು, ನೀರು ಹೋಗುವ ಪೈಪು ಗಾರೆಗೆ ಮುಂಚೆಯೇ ಗೋಡೆಯೊಳಗೆ ಕೂರಬೇಕು. ಗೀಸರ್ ಪಾಯಿಂಟು, ಸೋಲಾರ್ ಬಿಸಿನೀರಿನ ಪೈಪು, ಯುಪಿಎಸ್ ಬೇರೆ ವಯರಿಂಗು, ಅಡುಗೆಮನೆ ಚಿಮಣಿಗೆ ಆರಿಂಚಿನ ತೂತು, ವಾಟರ್ ಫಿಲ್ಟರಿನ ನಲ್ಲಿ ಮತ್ತು ಪ್ಲಗ್ಗು, ಕಪಾಟಿನ ಮೇಲಿನ ಲಾಫ್ಟು, ಗಾಡಿ ಚಾರ್ಜಿಂಗಿಗೆ ಪೋರ್ಟಿಕೋದಲ್ಲೊಂದು ಪಾಯಿಂಟು, ಇವೆಲ್ಲ ಈಗ ಕೆಲವೇ ಸಾವಿರದ ಕೆಲಸ. ಮನೆಗೆ ಬಂದ ಮೇಲೆ ಟೈಲ್ಸ್ ಒಡೆದು ಮಾಡಿಸಿದರೆ ಅದೇ ಬಣ್ಣದ ಟೈಲ್ಸ್ ಸಿಗುವುದಿಲ್ಲ. ಹಾಸಿ ಮಿಕ್ಕ ಟೈಲ್ಸಿನಲ್ಲಿ ಪ್ರತಿ ಬಗೆಯದ್ದೂ ಒಂದು ಪೆಟ್ಟಿಗೆ ಎತ್ತಿಡಿ.

ಆಮೇಲೆ ಪಟ್ಟಿಯನ್ನು ಮೂರು ಮಾಡಿ. ಕಾಲಿಡುವ ದಿನಕ್ಕೆ ಬೇಕಾದದ್ದು: ದೀಪ, ಫ್ಯಾನು, ಒಂದು ಗೀಸರ್, ಸಿಂಕು, ಸೊಳ್ಳೆ ಪರದೆ, ಪರದೆಯ ರಾಡು, ನೀರಿನ ಮೋಟರು. ಆರು ತಿಂಗಳೊಳಗೆ: ಒಂದು ಮಲಗುವ ಕೋಣೆಯ ಕಪಾಟು, ಅಡುಗೆಮನೆಯ ಕೆಳಗಿನ ಬಾಗಿಲುಗಳು. ಆಮೇಲೆ: ಟಿವಿ ಯೂನಿಟ್, ಸೋಫಾ, ಫಾಲ್ಸ್ ಸೀಲಿಂಗ್. ಅಡುಗೆಮನೆಯಲ್ಲಿ ಆರು ತಿಂಗಳು ಅಡುಗೆ ಮಾಡಿದ ಮೇಲೆ ಯಾವ ಡ್ರಾಯರ್ ಎಲ್ಲಿ ಬೇಕೆಂದು ಗೊತ್ತಾಗುತ್ತದೆ. ಮೊದಲೇ ಮಾಡಿಸಿದವರು ಅರ್ಧ ಕಿತ್ತು ಹಾಕುವುದುಂಟು.

ಮರಗೆಲಸದ ಕೊಟೇಶನ್ ಎದುರಿನ ಮುಖದ ಚದರಡಿ ಲೆಕ್ಕ. 6 ಅಡಿ ಅಗಲ, 7 ಅಡಿ ಎತ್ತರದ ಕಪಾಟು 42 ಚದರಡಿ. ಚದರಡಿಗೆ 1,300 ಎಂದರೆ 54,600. ಮೂರು ಕೋಣೆಗೆ ಗುಣಿಸಿದಾಗಲೇ 4 ಲಕ್ಷ ಎಷ್ಟು ಬೇಗ ಕರಗುತ್ತದೆಂದು ತಿಳಿಯುವುದು. ಒಳಗಿನ ಡ್ರಾಯರ್, ಹಿಂಜು, ಲಾಫ್ಟಿನ ಬಾಗಿಲು ದರದಲ್ಲಿ ಸೇರಿವೆಯೇ ಎಂದು ಕೇಳಿ. ಅಡುಗೆಮನೆಗೆ ಐಎಸ್ 710 ಗುರುತಿನ ಬಿಡಬ್ಲ್ಯೂಪಿ (ಕುದಿನೀರನ್ನೂ ತಡೆಯುವ) ಪ್ಲೈವುಡ್ಡೇ ಆಗಬೇಕು. ಮಲಗುವ ಕೋಣೆಗೆ ಐಎಸ್ 303ರ ಎಂಆರ್ (ತೇವ ತಡೆಯುವ) ಪ್ಲೈವುಡ್ ಸಾಕು. ಸಿಂಕಿನ ಕೆಳಗೆ ಪಾರ್ಟಿಕಲ್ ಬೋರ್ಡ್ ಹಾಕಿಸಿದರೆ ಒಂದು ಸಣ್ಣ ಸೋರಿಕೆಗೆ ಬಿಸ್ಕತ್ತಿನ ಹಾಗೆ ಉಬ್ಬುತ್ತದೆ.

ಈ 4 ಲಕ್ಷವನ್ನೂ ಟಾಪ್‌ಅಪ್ ಸಾಲಕ್ಕೆ (ಗೃಹಸಾಲದ ಮೇಲೆ ಕೊಡುವ ಹೆಚ್ಚುವರಿ ಸಾಲ) ಸೇರಿಸಿದರೆ ಇಎಂಐ 3,471 ಮಾತ್ರ ಹೆಚ್ಚುತ್ತದೆ, ಕೇಳಲು ಹಗುರ. ಅದೇ ದರದಲ್ಲೂ 20 ವರ್ಷಕ್ಕೆ ಕಟ್ಟುವುದು 8,33,000. ಸೋಫಾ ಎಂಟು ವರ್ಷಕ್ಕೆ ಹರಿದಿರುತ್ತದೆ, ಅದರ ಸಾಲ ಇನ್ನೂ ಹನ್ನೆರಡು ವರ್ಷ ಉಳಿದಿರುತ್ತದೆ. ದುಡ್ಡಿಲ್ಲದಿದ್ದರೆ ಮೂರನೆಯ ಪಟ್ಟಿಯನ್ನು ಮುಂದೂಡುವುದೇ ಸರಿ.

8. ಮನೆಗೆ ಬಂದ ಮೇಲೆ

ಬಾಡಿಗೆ ನಿಂತಿತು, ತಿಂಗಳಿಗೆ 9,000 ಉಳಿಯಿತು. ಅದರಲ್ಲಿ ಮೂರು ಸಾವಿರ ದುರಸ್ತಿಗೆ, ಕಂದಾಯಕ್ಕೆ ಎತ್ತಿಟ್ಟು ಉಳಿದದ್ದನ್ನು ಮೊದಲ ವರ್ಷ ಎರಡನೆಯ ಪಟ್ಟಿಯ ಸಾಮಾನಿಗೆ, ಆಮೇಲೆ ಸಾಲದ ಅಸಲಿಗೆ ಹಾಕಿ. ವರ್ಷಕ್ಕೊಂದು ಹೆಚ್ಚುವರಿ ಇಎಂಐ ಕಟ್ಟಿದರೂ 20 ವರ್ಷದ ಸಾಲ ಮೂರು ವರ್ಷಕ್ಕೂ ಹೆಚ್ಚು ಬೇಗ ತೀರುತ್ತದೆ. ವ್ಯಕ್ತಿಗಳ ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ. ಕಟ್ಟುವಾಗ "ಅಸಲಿಗೆ ಜಮಾ ಮಾಡಿ, ಅವಧಿ ಕಡಿಮೆ ಮಾಡಿ" ಎಂದು ಬರೆದುಕೊಡಿ. ರೆಪೊ ದರ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ದರ) ಬದಲಾದಾಗ ನಿಮ್ಮ ದರ ಎಷ್ಟಾಯಿತು, ಅವಧಿ ಎಷ್ಟು ತಿಂಗಳು ಎಂದು ಮೂರು ತಿಂಗಳಿಗೊಮ್ಮೆ ಆಪ್‌ನಲ್ಲಿ ನೋಡಿ. ಇಎಂಐ ಹಾಗೇ ಇದ್ದು ಅವಧಿ ಮಾತ್ರ ಸದ್ದಿಲ್ಲದೆ ಬೆಳೆದಿರಬಹುದು.

ಆದಾಯ ತೆರಿಗೆಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗಿನ ವಿನಾಯಿತಿ ಹಳೆಯ ಪದ್ಧತಿಯಲ್ಲಿದೆ, ಹೊಸ ಪದ್ಧತಿಯಲ್ಲಿಲ್ಲ. ಸಾಲ ತೆಗೆದ ಆರ್ಥಿಕ ವರ್ಷ ಮುಗಿದ ಮೇಲೆ ಐದು ವರ್ಷದೊಳಗೆ ಮನೆ ಪೂರ್ತಿಯಾಗಬೇಕು, ಇಲ್ಲದಿದ್ದರೆ ಮಿತಿ 30,000ಕ್ಕೆ ಇಳಿಯುತ್ತದೆ. ಕಟ್ಟುವಾಗ ತೆತ್ತ ಬಡ್ಡಿಯನ್ನು ಮನೆ ಮುಗಿದ ವರ್ಷದಿಂದ ಐದು ಸಮ ಕಂತಿನಲ್ಲಿ, ಅದೇ 2 ಲಕ್ಷದ ಮಿತಿಯೊಳಗೆ ತೋರಿಸಬಹುದು. ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿಸಿಯೇ ಆರಿಸಿ.

ಕೊನೆಯ ಕಂತು ಕಟ್ಟಿದ ಮೇಲೆ ಮೂಲಪತ್ರಗಳನ್ನು 30 ದಿನದೊಳಗೆ ಬ್ಯಾಂಕು ಹಿಂದಿರುಗಿಸಬೇಕು. ತಡವಾದರೆ, ತಪ್ಪು ಬ್ಯಾಂಕಿನದ್ದಾಗಿದ್ದರೆ, ದಿನಕ್ಕೆ 5,000 ರೂಪಾಯಿ ಕೊಡಬೇಕೆಂದು 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮವಿದೆ. ಸಾಲ ತೆಗೆಯುವಾಗ ಕೊಟ್ಟ ಪತ್ರಗಳ ಪಟ್ಟಿಗೆ ಬ್ಯಾಂಕಿನ ಸೀಲು, ಸಹಿ ಹಾಕಿಸಿಕೊಂಡಿದ್ದರೆ ಅದನ್ನಿಟ್ಟುಕೊಂಡು ಒಂದೊಂದೇ ಪತ್ರ ಎಣಿಸಿಕೊಳ್ಳಿ. ಉಪನೋಂದಣಿ ಕಚೇರಿಯಲ್ಲಿ ಅಡಮಾನದ ನಮೂದನ್ನು ತೆಗೆಸಿ, ಹೊಸ ಋಣಭಾರ ಪತ್ರ ತೆಗೆದು ಸಾಲ ತೀರಿದ್ದು ಅದರಲ್ಲಿ ಬಂದಿದೆಯೇ ಎಂದು ನೋಡಿ.